ಹಟ್ಟಿಯೊಳಗೆ ಬಂದವನು

14 ಜೂನ್ 2024

ಅಪ್ಪನಿಗೆ ಭಾಗ್ಯಾಳ ಶರಣು.

ಫೋನು ಬಿಟ್ಟು ಇವಳು ಪತ್ರ ಏಕೆ ಬರೆದಳು ಎಂದು ನಿನಗೆ ಅನ್ನಿಸಬಹುದು. ಇಲ್ಲಿ ವಾರಕ್ಕೆ ಎರಡು ದಿನ ಟವರು ಸಿಕ್ಕರೆ ಹೆಚ್ಚು. ಸಿಕ್ಕಾಗ ಅವ್ವ ಸ್ಪೀಕರ್ ಹಾಕುತ್ತಾಳೆ, ವಸ್ತಿಯ ಅರ್ಧ ಜನ ಸುತ್ತ ಕೂತಿರುತ್ತಾರೆ. ನೀನು ದೂರದಿಂದ "ಊಟ ಆತೇನ ಕೇಳು" ಎನ್ನುತ್ತೀ. ಅವ್ವ ಕೇಳುತ್ತಾಳೆ. ನಾನು "ಆತು" ಎನ್ನುತ್ತೇನೆ. ಆರು ವರ್ಷದಿಂದ ನಮ್ಮಿಬ್ಬರ ನಡುವೆ ನಡೆದ ಮಾತು ಇಷ್ಟೇ. ಪತ್ರವಾದರೆ ನೀನೊಬ್ಬನೇ ಓದುತ್ತೀ. ಏಳನೆಯ ಇಯತ್ತೆಯವರೆಗೆ ಕಲಿತದ್ದು ಉಪಯೋಗಕ್ಕೆ ಬರಲಿ.

ದೇಶದ ಹೆಸರು ಬರೆಯುವಂತಿಲ್ಲ. ಆಫ್ರಿಕಾ ಎಂದಷ್ಟು ತಿಳಿದುಕೋ. ನಮ್ಮದು ವಿಶ್ವಸಂಸ್ಥೆಯ ಶಾಂತಿಪಡೆಯ ಸಣ್ಣ ಠಾಣೆ. ಸುತ್ತ ಮುಳ್ಳುತಂತಿ, ಮರಳಿನ ಚೀಲ, ಒಳಗೆ ತಗಡಿನ ಶೆಡ್ಡುಗಳು, ಒಂದೇ ಗೇಟು. ನಲವತ್ತು ಮಂದಿ ಭಾರತದ ಸೈನಿಕರಲ್ಲಿ ನಾವು ಆರು ಹೆಣ್ಣುಮಕ್ಕಳು. ಇಲ್ಲಿ ನದಿಯ ಈಚೆ ದಂಡೆಯವರಿಗೂ ಆಚೆ ದಂಡೆಯವರಿಗೂ ಯುದ್ಧ. ಎರಡೂ ಕಡೆ ಬಂದೂಕಿನವರಿದ್ದಾರೆ, ನಡುವೆ ಹಳ್ಳಿಗಳಿವೆ. ಹೆಂಗಸರು ಕಟ್ಟಿಗೆಗೆ ಹೋಗುವಾಗ ಅವರ ಜೊತೆ ಹೋಗುವುದು, ಅವರ ಮಾತು ಕೇಳಿ ಮೇಜರ್ ಸಾಹೇಬರಿಗೆ ತಿಳಿಸುವುದು ನನ್ನ ಕೆಲಸ.

ನಮ್ಮೆಲ್ಲರ ಕಿಸೆಯಲ್ಲಿ ಒಂದು ಕಾರ್ಡು ಇರುತ್ತದೆ. ಆಯುಧ ಹಿಡಿಯದವರಿಗೆ ಪೆಟ್ಟು ಬೀಳಬಾರದು. ಆಯುಧ ಕೆಳಗಿಟ್ಟವನಿಗೂ ಬೀಳಬಾರದು. ಗಾಯಗೊಂಡವನು ಯಾವ ಕಡೆಯವನಾದರೂ ಅವನಿಗೆ ಔಷಧ ಕೊಡಬೇಕು. ಹಿಂದೆ ದೊಡ್ಡ ಯುದ್ಧಗಳಾಗಿ ಜನ ಸತ್ತು ಹೋದ ಮೇಲೆ ಎಲ್ಲ ದೇಶಗಳವರೂ ಜಿನೀವಾ ಎಂಬ ಊರಿನಲ್ಲಿ ಕೂತು ಒಪ್ಪಿಕೊಂಡ ಮಾತಂತೆ ಇವು. ತರಬೇತಿಯಲ್ಲಿ ಸಾಹೇಬರು ಒಬ್ಬೊಬ್ಬರನ್ನೇ, ಸೈನ್ಯಕ್ಕೆ ಏಕೆ ಬಂದೆ ಎಂದು ಕೇಳಿದರು. ನಾನು ಪಗಾರಕ್ಕೆ ಎಂದೆ. ಅದು ಸುಳ್ಳು.

ನಾನು ಹಟ್ಟಿಯಿಂದ ಓಡಿ ಬಂದವಳು, ಅಪ್ಪಾ. 2018ರ ಆಷಾಢದಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂದು ಎಲ್ಲರ ಮೊಬೈಲಿನಲ್ಲೂ ಸುದ್ದಿ ಹರಿದಾಡುತ್ತಿತ್ತು. ಜತ್ತದ ಕಡೆಯ ಗಂಗಾರಾಮ, ಹಳೆಯ ಬಟ್ಟೆಗೆ ಸ್ಟೀಲಿನ ಡಬ್ಬಿ ಕೊಡುತ್ತಿದ್ದವನು, ಓಡುತ್ತ ನಮ್ಮ ಕುರಿ ಹಟ್ಟಿ ಹೊಕ್ಕ. ಹಿಂದೆಯೇ ಮಾಮಾ ಶಿದ್ರಾಮಪ್ಪ ಹತ್ತು ಮಂದಿಯನ್ನು ಕಟ್ಟಿಕೊಂಡು ಬಡಿಗೆ ಹಿಡಿದು ಬಂದ. ನಾನು ಗುಡಾರದ ಒಳಗಿದ್ದೆ. ಆತ ಎಲ್ಲಿ ಎಂದು ಅವರು ಕೇಳಿದಾಗ ನಿನ್ನ ಕೈ ಮರಿಗಳ ಗೂಡಿನ ಕಡೆಗೆ ಎದ್ದದ್ದನ್ನು ನೋಡಿದೆ. ಏಟು ತಿಂದ ಮೂರನೆಯ ದಿನ ಆತ ವಿಜಯಪುರದ ದವಾಖಾನೆಯಲ್ಲಿ ತೀರಿಕೊಂಡ. ನೀನು ಪೊಲೀಸರಿಗೆ ಹಟ್ಟಿಯಲ್ಲಿ ಇರಲಿಲ್ಲ ಎಂದೆ. ನಾನು ನೀರಿಗೆ ಹೋಗಿದ್ದೆ ಎಂದೆ.

ಜಮಖಂಡಿ ಕೋರ್ಟಿನಿಂದ ನಿನಗೆ ಸಮನ್ಸ್ ಬಂದಿದೆ ಎಂದು ಅವ್ವ ಹೇಳಿದಳು. ತಾರೀಖು ಯಾವಾಗ? ಏನು ಹೇಳುತ್ತೀ?

ನಿನ್ನ ಮಗಳು
ಭಾಗ್ಯಾ


8 ಜುಲೈ 2024

ಮಗಳು ಭಾಗ್ಯಾಳನ್ನು ಬೀರಪ್ಪ ಕಾಯಲಿ.

ನಿನ್ನ ಪತ್ರ ಸಾವಳಗಿಯ ಪೋಸ್ಟಿಗೆ ಬಂದಿತ್ತು. ನಿಮ್ಮ ಅವ್ವ ಬಸ್ಸಿನಲ್ಲಿ ತಂದುಕೊಟ್ಟಳು. ಹಿಂಡು ಈಗ ಅನಗವಾಡಿಯ ಹತ್ತಿರ ಹೊಳೆದಂಡೆಯ ಹೊಲದಲ್ಲಿದೆ. ಎರಡು ಸಲ ಓದಿದೆ. "ಏನ ಬರದಾಳ?" ಎಂದು ಅವಳು ಕೇಳಿದಳು. "ಆರಾಮ ಅದಾಳಂತ" ಎಂದೆ.

ಮಳೆ ಹಿಡಿದುಬಿಟ್ಟಿದೆ. ಕುರಿಗಳ ಗೊರಸು ಕೊಳೆಯುತ್ತಿವೆ. ದಿನವೂ ಹತ್ತಿಪ್ಪತ್ತು ಕುರಿ ಕೆಡವಿ ಗೊರಸು ತೊಳೆದು ಔಷಧ ಹಚ್ಚುತ್ತೇನೆ. ಬೆನ್ನು ನೋಯುತ್ತದೆ. ಉಳಿದಂತೆ ಆರಾಮ.

ಹೋದ ಸೋಮವಾರ ನಿಮ್ಮ ಮಾಮಾ ಬಂದಿದ್ದ. ಜೊತೆಗೆ ವಸ್ತಿಯ ಮೂವರು ಹಿರಿಯರು.

"ಮಾವಾ, ಆ ಮನಷ್ಯಾ ಸಾಯೂ ಮುಂದ ಕುರಿ ಹಟ್ಟಿ ಹೊಕ್ಕಿದ್ದೆ ಅಂತ ಹೇಳಿ ಸತ್ತಾನ. ಅದಕ್ಕ ನಿನಗ ಸಮನ್ಸ್ ಬಂದೈತಿ" ಎಂದ. "ನೀ ಇರಲಿಲ್ಲ ಅಂದ್ರ ಕೇಸ ಅಲ್ಲೇ ಮುಗೀತು. ನೋಡಿದಾವ್ರು ಮತ್ಯಾರೂ ಇಲ್ಲ."

"ಮೊದಲಿಂದ ಅದನ್ನ ಹೇಳೇನಲ್ಲೋ" ಎಂದೆ.

"ಹಂಗಾರ ಗುಡ್ಯಾಗ ಭಂಡಾರ ಮುಟ್ಟಿ ಹೇಳು. ನನಗ ಎರಡ ಸಣ್ಣ ಮಕ್ಕಳ ಅದಾವ. ನಿನ್ನ ಹೇಣ್ತಿ ನನಗ ಅಕ್ಕ."

ಬೀರಪ್ಪನ ಮುಂದೆ ಭಂಡಾರದ ಅರಿಶಿನ ಮುಟ್ಟಿದೆ. "ಆ ದಿನ ನಾ ಹಟ್ಟ್ಯಾಗ ಇರಲಿಲ್ಲ" ಎಂದೆ. ಹಿರಿಯರು ಕೇಳಿಸಿಕೊಂಡರು. ನಿಮ್ಮ ಮಾಮಾ ನನ್ನ ಕಾಲಿಗೆ ಬಿದ್ದು ಅತ್ತ.

ನೀನು ಕೇಳಿದ ತಾರೀಖು ಸೆಪ್ಟೆಂಬರ್ 18. ಪೊಲೀಸರಿಗೆ ಹೇಳಿದ್ದನ್ನೇ ಕೋರ್ಟಿನಲ್ಲೂ ಹೇಳುತ್ತೇನೆ. ಸತ್ತವನು ಎದ್ದು ಬರುವುದಿಲ್ಲ. ನೀನು ಅಲ್ಲಿ ಕಾರ್ಡು ಓದಿಕೊಂಡು ಇರಬಹುದು. ನನಗೆ ಇಲ್ಲಿ ಹಿಂಡು ಕೂಡಿಸಲು, ಹೊಳೆ ದಾಟಿಸಲು, ಕಡೆಗೆ ನನ್ನ ಹೆಣ ಹೊರಲು ಇದೇ ಜನ ಬೇಕು.

ಆ ದಿನದ ಮಾತು ಇನ್ನು ಬರೆಯಬೇಡ. ಮೈ ನೋಡಿಕೋ.

ಇಂತಿ
ಗಿರಮಲ್ಲಪ್ಪ


31 ಜುಲೈ 2024

ಅಪ್ಪಾ,

ನಿನ್ನ ಪತ್ರ ಇವತ್ತು ಬೆಳಿಗ್ಗೆ ಸಿಕ್ಕಿತು. ಅದಕ್ಕೆ ಉತ್ತರ ಬರೆಯುವಷ್ಟು ಹೊತ್ತಿಲ್ಲ. ಇಲ್ಲಿ ಆಗುತ್ತಿರುವುದನ್ನು ಬರೆದಿಡುತ್ತೇನೆ. ಹೆಲಿಕಾಪ್ಟರ್ ಬಂದರೆ ಹೋಗುತ್ತದೆ.

ನಾಲ್ಕು ದಿನದ ಹಿಂದೆ ಆಚೆ ದಂಡೆಯವರು ನದಿ ದಾಟಿ ಬಂದು ಮೂರು ಹಳ್ಳಿ ಸುಟ್ಟರು. ಜನ ನಮ್ಮ ಗೇಟಿಗೆ ಓಡಿ ಬಂದರು. ಮೇಜರ್ ಸಾಹೇಬರು ಗೇಟು ತೆಗೆಸಿದರು. ಕೈಯಲ್ಲಿ ಏನೂ ಇಲ್ಲದವರು ನೇರ ಒಳಗೆ, ಏನಾದರೂ ಇದ್ದವರು ಅದನ್ನು ಹೊರಗಿಟ್ಟು ಒಳಗೆ. ಹೆಂಗಸರನ್ನು ತಪಾಸಣೆ ಮಾಡಿ ಬಿಟ್ಟವಳು ನಾನು. ಮುನ್ನೂರ ಹನ್ನೆರಡು ಮಂದಿ ಇದ್ದಾರೆ. ಒಬ್ಬಳು ಕೋಳಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದಿದ್ದಳು. ಅದರ ಕಾಲು ತಂತಿಗೆ ಸಿಕ್ಕು ಮುರಿಯಿತು ಎಂದು ಅರ್ಧ ತಾಸು ಅತ್ತಳು. ಗಂಡ ಸತ್ತದ್ದನ್ನು ಆಮೇಲೆ ಹೇಳಿದಳು.

ಅವಳ ಹೆಸರು ಮೇರಿ. ಊರಿನ ಸಾಲಿಯಲ್ಲಿ ಕಲಿಸುತ್ತಿದ್ದವಳು, ಇಂಗ್ಲಿಷ್ ಬಲ್ಲಳು. ನನ್ನ ಅರೆಬರೆ ಇಂಗ್ಲಿಷೂ ಅವಳಿಗೆ ತಿಳಿಯುತ್ತದೆ.

ಮೊನ್ನೆ ಗಸ್ತಿಗೆ ಹೋದ ನಮ್ಮವರು ಹುಲ್ಲಿನಲ್ಲಿ ಬಿದ್ದಿದ್ದ ಒಬ್ಬನನ್ನು ಹೊತ್ತು ತಂದರು. ಮೂವತ್ತರ ಗಂಡಸು, ತೊಡೆಗೆ ಗುಂಡು ಬಿದ್ದಿದೆ, ಬಂದೂಕು ಇರಲಿಲ್ಲ. ಆಚೆ ದಂಡೆಯವನು. ಇವನೇ ನಮ್ಮ ಮನೆಗೆ ಬೆಂಕಿ ಇಟ್ಟವನು, ಒಳಗೆ ಗಂಡ ಇದ್ದ ಎಂದು ಮೇರಿ ಗುರುತು ಹಿಡಿದಳು. ನಮ್ಮ ಡಾಕ್ಟರು ಅವನ ಗಾಯ ತೊಳೆದು ಪಟ್ಟಿ ಕಟ್ಟಿ ಔಷಧದ ಶೆಡ್ಡಿನಲ್ಲಿ ಮಲಗಿಸಿದರು. ಹೊರಗೆ ಹೆಂಗಸರು ಸಾಲಾಗಿ ನಿಂತು ನೋಡುತ್ತಿದ್ದರು. ಮೇರಿ ನನ್ನ ಬೂಟಿನ ಹತ್ತಿರ ಉಗುಳಿದಳು.

ಇವತ್ತು ಮಧ್ಯಾಹ್ನ ಈಚೆ ದಂಡೆಯ ಬಂದೂಕಿನವರು ಗೇಟಿಗೆ ಬಂದರು. ಇವರು ಮೇರಿಯ ಕಡೆಯವರೇ. ಅವರ ಮುಖಂಡ, "ಅವನೊಬ್ಬನನ್ನು ಕೊಡಿ, ಹೋಗುತ್ತೇವೆ. ನಾಳೆ ಹನ್ನೆರಡರ ಒಳಗೆ ಕೊಡದಿದ್ದರೆ ನೀವೂ ಆಚೆ ದಂಡೆಯವರೇ" ಎಂದ. ಎಂಬತ್ತಕ್ಕೂ ಹೆಚ್ಚು ಮಂದಿ ಇದ್ದರು. ಎರಡು ಜೀಪುಗಳ ಮೇಲೆ ದೊಡ್ಡ ಬಂದೂಕು ಕೂಡಿಸಿದ್ದಾರೆ.

ಸಾಹೇಬರು ಕೊಡುವುದಿಲ್ಲ ಎಂದು ಗೇಟಿನಲ್ಲೇ ಹೇಳಿದರು. ಸಹಾಯಕ್ಕೆ ವೈರ್‌ಲೆಸ್ ಮಾಡಿದ್ದಾರೆ. ರಸ್ತೆಯೆಲ್ಲ ರಾಡಿ, ಗಾಡಿಗಳು ಯಾವಾಗ ಬರುತ್ತವೋ ಗೊತ್ತಿಲ್ಲ. ಒಬ್ಬನನ್ನು ಕೊಟ್ಟರೆ ಮುನ್ನೂರು ಮಂದಿ ಉಳಿಯುತ್ತಾರೆ ಎಂಬ ಲೆಕ್ಕ ಒಳಗಿರುವ ಎಲ್ಲರ ಬಾಯಲ್ಲೂ ಇದೆ. ನನ್ನ ತಲೆಯಲ್ಲೂ ಬಂತು, ಅಪ್ಪಾ. ಸುಳ್ಳು ಹೇಳುವುದಿಲ್ಲ.

ನಾಳೆ ನನ್ನ ಕಾವಲು ಔಷಧದ ಶೆಡ್ಡಿಗೆ.

ಭಾಗ್ಯಾ


4 ಆಗಸ್ಟ್ 2024

ಭಾಗ್ಯಾ,

ನಿನ್ನೆ ಟೀವಿಯಲ್ಲಿ ತೋರಿಸಿದರು. ಶಾಂತಿಪಡೆಯ ಠಾಣೆಯ ಮೇಲೆ ದಾಳಿ, ಸಾವುನೋವು ಎಂದರು. ಹೊಗೆ ಕಂಡಿತು, ಮುರಿದ ಗೇಟು ಕಂಡಿತು, ಆಮೇಲೆ ಬೇರೆ ಸುದ್ದಿ ಬಂತು. ಎಷ್ಟು ಜನ, ಯಾವ ದೇಶದವರು, ಏನೂ ಹೇಳಲಿಲ್ಲ.

ನಿನ್ನ ಫೋನು ಹತ್ತುವುದಿಲ್ಲ. ನೀನು ಕೊಟ್ಟಿದ್ದ ಬೆಳಗಾವಿಯ ಸೈನ್ಯದ ಆಫೀಸಿನ ನಂಬರಿಗೆ ಹಚ್ಚಿದೆ. ಪಟ್ಟಿಯಲ್ಲಿ ಆ ಹೆಸರಿಲ್ಲ ಎಂದರು. ಯಾವ ಪಟ್ಟಿ ಎಂದು ಕೇಳುವಷ್ಟರಲ್ಲಿ ಇಟ್ಟರು.

ಹೊಳೆಗೆ ನೀರು ಬಂದಿದೆ. ಅನಗವಾಡಿಯಿಂದ ಹಿಂಡು ಎಬ್ಬಿಸಿ ಮೇಲಿನ ಮಡ್ಡಿಗೆ ತಂದಿದ್ದೇನೆ. ನಿಮ್ಮ ಅವ್ವ ನಿನ್ನೆಯಿಂದ ಬಾಯಿಗೆ ಏನೂ ಹಾಕಿಲ್ಲ. ನಿಮ್ಮ ಮಾಮಾ ಬಂದು ಅವಳ ಪಕ್ಕ ಕೂತು ಸಮಾಧಾನ ಹೇಳಿದ. ಒಳ್ಳೆಯ ಮಾತೇ ಆಡಿದ. ಎದ್ದು ಹೋಗುವಾಗ ನನ್ನನ್ನು ಮರೆಗೆ ಕರೆದು, "ತಾರೀಖ ನೆನಪೈತಿಲ್ಲೋ ಮಾವಾ?" ಎಂದ.

ಭಂಡಾರ ಮುಟ್ಟಿ ಸುಳ್ಳಾಡಿದವನು ನಾನು. ಬೀರಪ್ಪ ಕೇಳುವುದಿದ್ದರೆ ನನ್ನನ್ನು ಕೇಳಲಿ, ನಿನ್ನನ್ನಲ್ಲ.

ಒಂದು ಸಾಲು ಬರೆ. ಇದ್ದೇನೆ ಎಂದಷ್ಟೇ ಬರೆ.

ಅಪ್ಪ


9 ಆಗಸ್ಟ್ 2024

ಅಪ್ಪಾ, ಇದ್ದೇನೆ.

ನಿನ್ನೆ ಸಾಹೇಬರ ಸ್ಯಾಟಲೈಟ್ ಫೋನಿನಲ್ಲಿ ಒಂದು ನಿಮಿಷ ಅವ್ವನ ಜೊತೆ ಮಾತಾಡಿದೆ. ನೀನು ಪಕ್ಕದಲ್ಲಿದ್ದೆ ಎಂದು ಉಸಿರಿನಿಂದ ಗೊತ್ತಾಯಿತು. ಎಡಗೈಗೆ ತಗಡು ಕೊಯ್ದು ಆರು ಹೊಲಿಗೆ ಬಿದ್ದಿವೆ. ಬರೆಯುವ ಕೈ ನೆಟ್ಟಗಿದೆ.

ಒಂದನೆಯ ತಾರೀಖು ಬೆಳಿಗ್ಗೆ ಹತ್ತರ ಹೊತ್ತಿಗೆ ಮೇರಿ ಹತ್ತು ಹನ್ನೆರಡು ಹೆಂಗಸರನ್ನು ಕರೆದುಕೊಂಡು ಶೆಡ್ಡಿಗೆ ಬಂದಳು. ಅವನನ್ನು ತಾವೇ ಎಳೆದು ಗೇಟಿಗೆ ಒಯ್ಯಲು ಬಂದಿದ್ದರು. ಸೈನಿಕರೆಲ್ಲ ತಂತಿಯ ಹತ್ತಿರ ಇದ್ದರು. ಬಾಗಿಲಲ್ಲಿ ನಾನೊಬ್ಬಳೇ. ಬಂದೂಕನ್ನು ಬೆನ್ನಿಗೆ ಸರಿಸಿದೆ. ಅವರ ಎದುರಿಗೆ ಅದನ್ನು ಹಿಡಿಯಲು ನನ್ನಿಂದ ಆಗಲಿಲ್ಲ. ಅವಳು ಆಡಿದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಬಾಗಲಾ ಬಿಟ್ಟ ಸರಿ. ಅವ ಹೋದ್ರ ನಮ್ಮ ಮಕ್ಕಳ ಉಳೀತಾವ."

"ಅವನ ಕೈಯಾಗ ಈಗ ಏನೂ ಇಲ್ಲ, ಮೇರಿ."

"ನನ್ನ ಗಂಡನ ಕೈಯಾಗ ಏನಿತ್ತು?"

ಇದಕ್ಕೆ ಕಾರ್ಡಿನಲ್ಲಿ ಉತ್ತರ ಇರಲಿಲ್ಲ. ಆಮೇಲೆ, ಯಾಕೆಂದು ಗೊತ್ತಿಲ್ಲ, ಗಂಗಾರಾಮನ ಸಂಗತಿ ಹೇಳತೊಡಗಿದೆ. ಈವರೆಗೆ ಯಾರಿಗೂ ಹೇಳಿರಲಿಲ್ಲ. ಆತ ಹಟ್ಟಿ ಹೊಕ್ಕದ್ದು, ಬಂದವರೆಲ್ಲ ನಮ್ಮವರೇ ಆಗಿದ್ದದ್ದು, ಅವರಿಗೂ ತಮ್ಮ ಮಕ್ಕಳ ಚಿಂತೆಯೇ ಇದ್ದದ್ದು, ನಿನ್ನ ಕೈ ಎದ್ದದ್ದು. ನಾನು ಗುಡಾರದ ಒಳಗೆ ಬಾಯಿಗೆ ಸೆರಗು ಒತ್ತಿಕೊಂಡು ಕೂತದ್ದು. ಇಂಗ್ಲಿಷ್ ತಪ್ಪುತ್ತಿತ್ತು. ಮೇರಿ ತನ್ನ ಹೆಂಗಸರಿಗೆ ಅವರ ಭಾಷೆಯಲ್ಲಿ ಹೇಳುತ್ತ ಹೋದಳು.

"ಕೈ ಎತ್ತಿದಾವ ಈಗ ಹೆಂಗದಾನ?" ಎಂದು ಕೇಳಿದಳು.

"ಆರ ವರ್ಷ ಆತು. ನನ್ನ ಮುಖಾ ನೋಡಿ ಮಾತಾಡಿಲ್ಲ" ಎಂದೆ.

ಅವಳು ಬಾಗಿಲಿಗೆ ಬೆನ್ನು ಮಾಡಿ ಅಲ್ಲೇ ನೆಲದ ಮೇಲೆ ಕೂತಳು. ಉಳಿದವರೂ ಕೂತರು. ಅವಳಿಗೆ ಅವನ ಮೇಲೆ ಕನಿಕರ ಬಂತು ಎಂದು ನಾನು ಹೇಳುವುದಿಲ್ಲ. ಒಳಗೆ ಒಮ್ಮೆಯೂ ನೋಡಲಿಲ್ಲ.

ಹನ್ನೆರಡಕ್ಕೆ ಸರಿಯಾಗಿ ಗುಂಡು ಶುರುವಾಯಿತು. ಇಪ್ಪತ್ತೈದು ನಿಮಿಷ. ಗೇಟು ಮುರಿಯಿತು, ಆದರೆ ಒಬ್ಬರನ್ನೂ ಒಳಗೆ ಬಿಡಲಿಲ್ಲ. ನಮ್ಮ ಇಬ್ಬರು ಹವಾಲ್ದಾರರಿಗೆ ಗುಂಡು ಬಿತ್ತು, ಉಳಿದುಕೊಂಡಿದ್ದಾರೆ. ನೀರಿನ ಟಾಕಿಯಿಂದ ಕೊಡ ತುಂಬಿಕೊಂಡು ಓಡುತ್ತಿದ್ದ ಒಬ್ಬ ಮುದುಕಿ ಸತ್ತಳು. ಒಳಗೆ ಬಿಟ್ಟುಕೊಳ್ಳುವಾಗ ಅವಳ ಸೊಂಟ ತಡವಿ ನೋಡಿದವಳು ನಾನೇ. ಇಲ್ಲಿ ನಿನಗೆ ಏನೂ ಆಗುವುದಿಲ್ಲ ಎಂದು ಹೇಳಿದ್ದೆ. ಎಲ್ಲರೂ ನಮ್ಮನ್ನು ಹೊಗಳುತ್ತಿದ್ದಾರೆ. ನನಗೆ ಅವಳ ಕೊಡವೇ ಕಾಣುತ್ತದೆ.

ಮೂರು ಗಂಟೆಗೆ ನಮ್ಮ ದೊಡ್ಡ ಗಾಡಿಗಳು ಬಂದವು. ಹೊರಗೆ ಕಾದು ನಿಂತಿದ್ದ ಬಂದೂಕಿನವರು ಓಡಿದರು. ನಾಲ್ಕನೆಯ ತಾರೀಖು ರೆಡ್ ಕ್ರಾಸಿನವರು ಬಂದು ಗಾಯಾಳುವನ್ನು ವಿಮಾನದಲ್ಲಿ ಒಯ್ದರು. ಸ್ಟ್ರೆಚರ್ ಮುಂದೆ ಹಾಯ್ದಾಗ ಮೇರಿ ಕಟ್ಟಿಗೆ ಸೀಳುತ್ತಿದ್ದಳು, ತಲೆ ಎತ್ತಲಿಲ್ಲ.

ಮರುದಿನ ತನಿಖೆಯವರು ಬಂದಾಗ ಅವಳೇ ಮೊದಲು ಹೋಗಿ ಕೂತಳು. ಮನೆ ಸುಟ್ಟ ದಿನ, ಹೊತ್ತು, ಅವನ ಮುಖ, ಎಲ್ಲ ಬರೆಸಿದಳು. "ಅವಾ ಬದುಕಬೇಕು. ಬದುಕಿ ಕಟಕಟ್ಯಾಗ ನಿಂದರಬೇಕು. ಎಲ್ಲಿ ಕರದ್ರೂ ನಾ ಬಂದ ಹೇಳತೇನಿ" ಎಂದಳು.

ನಿನಗೆ ಹೀಗೆ ಮಾಡು ಎಂದು ನಾನು ಹೇಳುವುದಿಲ್ಲ. ಸುಳ್ಳು ಹೇಳಿದವರು ಇಬ್ಬರು. ನಿನ್ನನ್ನು ಕೇಳುವ ಮೊದಲು ನನ್ನದನ್ನು ನಾನು ಸರಿಮಾಡಿಕೊಳ್ಳಬೇಕಿತ್ತು.

ಭಾಗ್ಯಾ


20 ಸೆಪ್ಟೆಂಬರ್ 2024

ಮಗಳು ಭಾಗ್ಯಾಳಿಗೆ ಅಪ್ಪ ಬರೆದದ್ದು.

ಹದಿನೆಂಟನೆಯ ತಾರೀಖು ಬೆಳಗಿನ ಬಸ್ಸಿಗೆ ಜಮಖಂಡಿಗೆ ಹೋದೆ. ನಿಮ್ಮ ಮಾಮಾ ಜೀಪು ತಂದಿದ್ದ, ಹತ್ತಲಿಲ್ಲ. ಅಲ್ಲಿಗೇ ಅವನಿಗೆ ಸಂಶಯ ಬಂತು. ಕೋರ್ಟಿನ ಮೆಟ್ಟಿಲ ಮೇಲೆ, "ಮಾವಾ, ಭಂಡಾರ ಮುಟ್ಟೀದಿ" ಎಂದ. ನಾನು ಮೆಟ್ಟಿಲು ಹತ್ತಿದೆ.

ಹೆಸರು ಕೂಗಿದರು. ಖರೆ ಹೇಳುತ್ತೇನೆ ಎಂದು ಹೇಳಿಸಿದರು. ಸರ್ಕಾರಿ ವಕೀಲರು ಕಾಗದ ನೋಡುತ್ತಲೇ, ಸುಮ್ಮನೆ ಕೇಳುವಂತೆ ಕೇಳಿದರು: "ಆ ದಿನ ನೀವು ಹಟ್ಟಿಯಲ್ಲಿ ಇರಲಿಲ್ಲ, ಹೌದಲ್ಲ?"

"ಇದ್ದೆರಿ" ಎಂದೆ.

ಅವರು ತಲೆ ಎತ್ತಿದರು. ಎಲ್ಲ ಹೇಳಿದೆ. ಯಾರು ಯಾರು ಬಂದಿದ್ದರು, ಯಾರ ಕೈಯಲ್ಲಿ ಏನಿತ್ತು, ಮೊದಲನೆಯ ಏಟು ಯಾರದು. ನಿಮ್ಮ ಮಾಮಾ ಎದುರಿಗೇ ನಿಂತಿದ್ದ. ಅವನ ಹೆಸರು ಹೇಳುವಾಗ ಅವನು ನಮ್ಮ ಮದುವೆಯಲ್ಲಿ ನನ್ನ ಹೆಗಲ ಮೇಲೆ ಕೂತಿದ್ದದ್ದು ನೆನಪಾಯಿತು. ಹೇಳಿದೆ. ಆಮೇಲೆ ನನ್ನ ಕೈ ತೋರಿಸಿಕೊಟ್ಟದ್ದನ್ನೂ ಹೇಳಿದೆ.

ಎದುರಿನ ವಕೀಲರು ಎದ್ದರು. "ಆರ ವರ್ಷದ ಹಿಂದ ಪೊಲೀಸರಿಗೆ ಸುಳ್ಳ ಹೇಳಿದ್ದಿರೇನು?"

"ಹೌದ್ರಿ."

"ಅಂದ್ರ ಸುಳ್ಳ ಹೇಳೂ ಮನಷ್ಯಾರು ನೀವು. ಇವತ್ತ ಹೇಳೂದು ಖರೆ ಅನ್ನಾಕ ಯಾರ ಅದಾರ? ಹಟ್ಟ್ಯಾಗ ನಿಮ್ಮನ್ನ ಬಿಟ್ಟ ಮತ್ತ್ಯಾರರ ಇದ್ರೇನು?"

ಅಲ್ಲಿ ನನ್ನ ಬಾಯಿ ನಿಂತಿತು, ಭಾಗ್ಯಾ. ಇಲ್ಲ ಎಂದಿದ್ದರೆ ನಿನ್ನ ಹೆಸರು ಹೊರಗೇ ಉಳಿಯುತ್ತಿತ್ತು. ಜಡ್ಜ್ ಸಾಹೇಬರು, "ಕೇಳಿದ್ದಕ್ಕೆ ಹೇಳ್ರಿ" ಎಂದರು.

"ನನ್ನ ಮಗಳಿದ್ಳರಿ" ಎಂದೆ. "ಗುಡಾರದಾಗ. ಆಕಿ ಎಲ್ಲಾ ನೋಡ್ಯಾಳ."

ನಿನಗೂ ಸಮನ್ಸ್ ಬರುತ್ತದೆ. ಇದರಿಂದ ನೌಕರಿಗೆ ತೊಂದರೆ ಆಗುತ್ತದೇನು ಎಂದು ಸರ್ಕಾರಿ ವಕೀಲರನ್ನು ಕೇಳಿದೆ. "ಆಗಬಾರದು. ಆದರ ಆಗೂದಿಲ್ಲ ಅಂತ ನಾ ಹ್ಯಾಂಗ ಹೇಳ್ಲಿ?" ಎಂದರು. ನಿನ್ನನ್ನು ಕೇಳದೆ ಹೇಳಿಬಿಟ್ಟೆ. ಬಾ. ನಿನ್ನ ಜೊತೆ ನಾನೂ ಬರುತ್ತೇನೆ.

ವಸ್ತಿಯಲ್ಲಿ ಯಾರೂ ಮಾತಾಡುವುದಿಲ್ಲ. ಹಿಂಡು ಕೂಡಿಸಲು ಹೊಲ ಕೊಟ್ಟವರು ಎಬ್ಬಿಸು ಎಂದಿದ್ದಾರೆ. ನಾಳೆ ಲೋಕಾಪುರದ ಕಡೆ ಹೊಡೆದುಕೊಂಡು ಹೋಗುತ್ತೇನೆ, ಅಲ್ಲಿ ನಿಂಗಣ್ಣ ಎಂಬ ರೈತ ಜಾಗ ಕೊಡುತ್ತೇನೆಂದಿದ್ದಾನೆ. ನಿಮ್ಮ ಅವ್ವ ರೊಟ್ಟಿ ಬುಟ್ಟಿಯನ್ನು ನನ್ನ ಮುಂದಿಟ್ಟು ಎದ್ದು ಹೋಗುತ್ತಾಳೆ. ಒಡಹುಟ್ಟಿದವನು ಅವಳಿಗೆ. ಅವಳನ್ನು ನಾನು ಏನೂ ಅನ್ನಲಾರೆ. ಆದರೆ ನಿನ್ನೆ, ನಾನು ಕೇಳದೆಯೇ, ಪ್ರಯಾಣಕ್ಕೆ ಕಂಬಳಿ ಝಾಡಿಸಿ ಮಡಚಿಟ್ಟಿದ್ದಳು.

ಇನ್ನೊಂದು ಸಂಗತಿ ಉಳಿದಿದೆ. ಕೋರ್ಟಿನಿಂದ ಹೊರಗೆ ಬಂದಾಗ ಬೇವಿನ ಗಿಡದ ಕೆಳಗೆ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಗಂಗಾರಾಮನ ಹೆಂಡತಿ, ಶೈಲಾ. ಪ್ರತಿ ತಾರೀಖಿಗೂ ಜತ್ತದಿಂದ ಬರುತ್ತಾಳಂತೆ. ನಾನು ತಲೆ ತಗ್ಗಿಸಿ ಹಾಯ್ದು ಹೋಗುತ್ತಿದ್ದೆ. ಅವಳೇ ಅಡ್ಡ ಬಂದಳು. ಬಯ್ಯುತ್ತಾಳೆ, ಬಯ್ಯಲಿ ಎಂದು ನಿಂತೆ.

"ಅವ್ರು ನಿಮ್ಮ ಹಟ್ಟಿಗಿ ಬಂದಾಗ ಏನಂದ್ರು?" ಎಂದು ಕೇಳಿದಳು.

ಇದನ್ನು ನಾನು ಜಡ್ಜರ ಮುಂದೆ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ನೀನೂ ಅಷ್ಟು ದೂರದಿಂದ ಕೇಳಿಸಿಕೊಂಡಿರಲಿಕ್ಕಿಲ್ಲ.

"'ಅಣ್ಣಾ, ಒಂದ ತಾಸ ಇಟ್ಕೋರಿ' ಅಂದಾರ" ಎಂದೆ.

"ನೀವೇನಂದ್ರಿ?"

"'ಕೂಡ್ರು' ಅಂದೆ. ಮರಿಗಳ ಗೂಡಿನ ಹಿಂದ ಜಾಗಾ ತೋರಿಸಿದೆ. ತಂಬಿಗ್ಯಾಗ ನೀರ ಕೊಟ್ಟೆ. ಆಮ್ಯಾಲ ಅವ್ರೆಲ್ಲಾ ಬಂದ್ರು."

ಅವಳು ಬಯ್ಯಲಿಲ್ಲ. ಕಣ್ಣಲ್ಲಿ ನೀರೂ ಬರಲಿಲ್ಲ.

"ಅಂದ್ರ ಒಂದೀಟ ಹೊತ್ತ," ಎಂದಳು, "ಉಳದೆ ಅಂತ ಅವ್ರಿಗಿ ಅನಿಸಿರಬೇಕು."

ಸೆರಗು ಸರಿಮಾಡಿಕೊಂಡು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದಳು. ನಾನು ಅವಳ ಬಸ್ಸು ಹೋಗುವವರೆಗೂ ಅಲ್ಲೇ ನಿಂತಿದ್ದೆ.

ನಿನ್ನ ಅಪ್ಪ
ಗಿರಮಲ್ಲಪ್ಪ